ಹಳೆಯ ಮೃತ್ಯುಪತ್ರವನ್ನು ಓದುವ ಬಗೆ: ಧಾರವಾಡ ಸೀಮೆಯ ಮನೆತನಗಳ ಇತಿಹಾಸ ಹುಡುಕುವವರಿಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಹಳೆಯ ಮನೆಗಳಲ್ಲಿ ಹೊಲ-ಮನೆಯ ಕಾಗದಪತ್ರಗಳ ಗಂಟು ಬಿಚ್ಚಿದರೆ, ಖರೀದಿಪತ್ರ, ವಾಟ್ನಿಪತ್ರ (ಆಸ್ತಿ ಪಾಲು ಮಾಡಿಕೊಂಡ ಪತ್ರ), ಕಂದಾಯದ ಪಾವತಿಗಳ ನಡುವೆ ಒಂದು ಮೃತ್ಯುಪತ್ರ ಸಿಗುವುದುಂಟು. ಮೈಸೂರು ಸೀಮೆಯವರು ಉಯಿಲು, ಮರಣಶಾಸನ ಎಂದು ಕರೆಯುವ ಈ ಕಾಗದಕ್ಕೆ, ಮುಂಬಯಿ ಆಧಿಪತ್ಯದಲ್ಲಿದ್ದ ನಮ್ಮ ಸೀಮೆಯ ಹಳೆಯ ಬರಹಗಳಲ್ಲಿ ಮೃತ್ಯುಪತ್ರ ಅಥವಾ ವ್ಯವಸ್ಥಾಪತ್ರ ಎಂಬ ಹೆಸರಿರುತ್ತದೆ. ಆಸ್ತಿಯ ಹಂಚಿಕೆ ಮುಗಿದ ಮೇಲೆ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಆದರೆ ಮನೆತನದ ಇತಿಹಾಸವನ್ನು ಬರೆಯಲು ಹೊರಟವರಿಗೆ ಇದಕ್ಕಿಂತ ತುಂಬಿದ ಆಕರ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಹಣಿಯಲ್ಲಿ ಹೆಸರು ಮಾತ್ರ ಇರುತ್ತದೆ. ಮೃತ್ಯುಪತ್ರದಲ್ಲಿ ಒಬ್ಬ ಮನುಷ್ಯ ತನ್ನವರು ಯಾರು, ತನ್ನನ್ನು ಸಾಕಿದವರು ಯಾರು, ಯಾರಿಗೆ ಎಷ್ಟು ಕೊಡಬೇಕು, ಯಾರಿಗೆ ಏಕೆ ಕೊಡುವುದಿಲ್ಲ ಎಂಬುದನ್ನೆಲ್ಲ ಸಾಕ್ಷಿಗಳ ಮುಂದೆ ಹೇಳಿರುತ್ತಾನೆ.

ಹೀಗಿದ್ದರೂ ಬಹಳ ಜನ ಮೊದಲ ಪುಟವನ್ನು ನೋಡಿಯೇ ಸೋತು ಕೈಬಿಡುತ್ತಾರೆ, ಇಲ್ಲವೇ ಮನೆಯಲ್ಲಿ ಕೇಳಿದ ಕಥೆಯನ್ನು ಕಾಗದದ ಮೇಲೆ ಹೊರಿಸಿ ಓದುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ. ಮುತ್ತಜ್ಜನ ಹೆಸರು ಚನ್ನಬಸಪ್ಪ ಎಂದು ಮೊದಲೇ ನಂಬಿದವರಿಗೆ, ಅಲ್ಲಿ ಚನವೀರಪ್ಪ ಎಂದು ಬರೆದಿದ್ದರೂ ಚನ್ನಬಸಪ್ಪ ಎಂದೇ ಕಾಣುತ್ತದೆ. ಆದ್ದರಿಂದ ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ವಾಕ್ಯ, ಎಲ್ಲಕ್ಕಿಂತ ಕೊನೆಗೆ ವಂಶಾವಳಿ ಎಂಬ ಕ್ರಮವನ್ನು ಬಿಡದೆ ಅನುಸರಿಸಬೇಕು. ಮುಂದೆ ಹೇಳುವುದೆಲ್ಲ ಈ ಕ್ರಮದ ವಿವರ.

ಕಾಗದವನ್ನು ತೆರೆಯುವಾಗ

ಬಹಳ ವರ್ಷ ಮಡಿಚಿಟ್ಟ ಕಾಗದ ಮಡಿಕೆಯ ಗೆರೆಯಲ್ಲಿಯೇ ಹರಿಯುತ್ತದೆ. ಅದನ್ನು ಒಮ್ಮೆಲೇ ಬಿಚ್ಚದೆ, ಒಂದೊಂದು ಮಡಿಕೆಯನ್ನಾಗಿ ತೆರೆದು, ಸ್ವಚ್ಛವಾದ ಬಿಳಿ ಹಾಳೆಯ ಮೇಲೆ ಮಲಗಿಸಬೇಕು. ಹರಿದಲ್ಲಿ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು, ಒದ್ದೆ ಬಟ್ಟೆಯಿಂದ ಒರೆಸುವುದು, ಮಾಸಿದ ಅಕ್ಷರದ ಮೇಲೆ ಪೆನ್ನು ಆಡಿಸುವುದು, ಇವು ನಾಲ್ಕನ್ನೂ ಎಂದಿಗೂ ಮಾಡಬಾರದು. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಕಾಗದಕ್ಕೆ ನೇರವಾಗಿ ಹಿಡಿದು ಮೊದಲು ಇಡೀ ಪುಟದ ಚಿತ್ರ, ಬಳಿಕ ನಾಲ್ಕೈದು ಸಾಲುಗಳ ಸಮೀಪದ ಚಿತ್ರಗಳನ್ನು ತೆಗೆದುಕೊಳ್ಳಬೇಕು. ಮಸಿ ಮಾಸಿದ್ದರೆ ಕಿಟಕಿಯ ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳುವಂತೆ ಇಟ್ಟು ಇನ್ನೊಮ್ಮೆ ಚಿತ್ರ ತೆಗೆದರೆ, ಲೇಖನಿಯ ಮೊನೆ ಕಾಗದದಲ್ಲಿ ಒತ್ತಿದ ಗೆರೆಗಳು ಎದ್ದು ಕಾಣುತ್ತವೆ. ಕಂದುಬಣ್ಣಕ್ಕೆ ತಿರುಗಿದ ಮಸಿಯಿದ್ದಲ್ಲಿ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ಗಾಢತೆ ಹೆಚ್ಚಿಸಿದರೆ ಅನುಕೂಲ. ಹಿಂಬದಿಯ ಚಿತ್ರವನ್ನು ಮರೆಯಬಾರದು. ನೋಂದಣಿ ಕಚೇರಿಯ ಷರಾ, ಮುದ್ರೆ, ಕೋರ್ಟಿನಲ್ಲಿ ಹಾಜರುಪಡಿಸಿದ ನಿಶಾನಿ ನಂಬರು ಇವೆಲ್ಲ ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ.

ಇದು ನಿಜವಾಗಿಯೂ ಮೃತ್ಯುಪತ್ರವೇ ಎಂಬುದನ್ನು ಆಗಲೇ ಗಮನಿಸಬೇಕು. ಮೃತ್ಯುಪತ್ರಕ್ಕೆ ಸ್ಟ್ಯಾಂಪ್ ಶುಲ್ಕವಿಲ್ಲ. ಆದ್ದರಿಂದ ದೊಡ್ಡ ಮೊತ್ತದ ಸ್ಟ್ಯಾಂಪ್ ಕಾಗದದ ಮೇಲೆ ಬರೆದದ್ದಾದರೆ ಅದು ಬಕ್ಷೀಸಪತ್ರವೋ (ದಾನಪತ್ರ) ವಾಟ್ನಿಪತ್ರವೋ ದತ್ತಕಪತ್ರವೋ ಆಗಿರುವ ಸಂಭವ ಹೆಚ್ಚು. ಕೆಲವರು ಮೃತ್ಯುಪತ್ರವನ್ನೂ ಸಣ್ಣ ಬೆಲೆಯ ಸ್ಟ್ಯಾಂಪ್ ಕಾಗದದಲ್ಲಿ ಬರೆಸಿದ್ದುಂಟು. ಅಂಥಲ್ಲಿ ಕಾಗದದ ಮೇಲಿನ ರಾಜಮುದ್ರೆ ಕಾಲವನ್ನು ಸೂಚಿಸುತ್ತದೆ: ವಿಕ್ಟೋರಿಯಾ ರಾಣಿಯ ಚಿತ್ರವಿದ್ದರೆ ಸುಮಾರಾಗಿ 1901ರ ಹಿಂದಿನದು, ಏಳನೆಯ ಎಡ್ವರ್ಡನದಾದರೆ 1901ರಿಂದ 1910, ಐದನೆಯ ಜಾರ್ಜನದಾದರೆ 1910ರಿಂದ 1936. ಹಳೆಯ ದಾಸ್ತಾನು ಮುಗಿಯುವವರೆಗೆ ಹಿಂದಿನ ರಾಜನ ಕಾಗದವೇ ಮಾರಾಟವಾಗುತ್ತಿತ್ತಾದ್ದರಿಂದ ಈ ಗಡಿಗಳನ್ನು ಸ್ವಲ್ಪ ಸಡಿಲವಾಗಿ ಹಿಡಿಯಬೇಕು. ಸ್ಟ್ಯಾಂಪ್ ಮಾರಿದವನು ಬರೆದ ತಾರೀಖು, ಕೊಂಡವನ ಹೆಸರು ಇವು ಇನ್ನೂ ನಂಬಲರ್ಹವಾದ ಗುರುತುಗಳು.

ಮೊದಲ ನಕಲು

ಚಿತ್ರವನ್ನು ಎದುರಿಗಿಟ್ಟುಕೊಂಡು ಒಂದು ವಹಿಯಲ್ಲಿ ಸಾಲಿಗೆ ಸಾಲು ನಕಲು ಮಾಡಬೇಕು. ಮೂಲದಲ್ಲಿ ಸಾಲು ಎಲ್ಲಿ ಮುಗಿಯುತ್ತದೆಯೋ ನಿಮ್ಮ ನಕಲಿನಲ್ಲಿಯೂ ಅಲ್ಲಿಯೇ ಮುಗಿಯಬೇಕು, ಪ್ರತಿ ಸಾಲಿಗೂ ನಂಬರು ಇರಬೇಕು. ಕಾಗುಣಿತವನ್ನು ತಿದ್ದಕೂಡದು. ಓದಲು ಬಾರದ ಅಕ್ಷರಕ್ಕೆ ಒಂದು ಚುಕ್ಕೆ, ಅನುಮಾನವಿದ್ದ ಅಕ್ಷರದ ಮುಂದೆ ಪ್ರಶ್ನೆಚಿಹ್ನೆ, ಹರಿದುಹೋದ ಜಾಗಕ್ಕೆ ಚೌಕ ಕಂಸ, ಹೀಗೆ ಒಂದು ಪದ್ಧತಿ ಇಟ್ಟುಕೊಂಡು ಕೊನೆಯವರೆಗೆ ಅದನ್ನೇ ಪಾಲಿಸಬೇಕು. ಈ ನಕಲಿನಲ್ಲಿ ಅರ್ಥವಾಗದ ಭಾಗಗಳು ಎಷ್ಟೇ ಇದ್ದರೂ ಚಿಂತೆಯಿಲ್ಲ. ಅರ್ಥ ಮಾಡಿಕೊಳ್ಳುವ ಆತುರದಲ್ಲಿ ಖಾಲಿ ಜಾಗವನ್ನು ಊಹೆಯಿಂದ ತುಂಬಿದರೆ, ಆ ಊಹೆ ಮುಂದಿನ ಓದಿನಲ್ಲಿ ಮೂಲದ ಮಾತಾಗಿಯೇ ಉಳಿದುಬಿಡುತ್ತದೆ. ಈಗಿನ ಕನ್ನಡಕ್ಕೆ ತಿರುಗಿಸಿದ ಪಾಠವನ್ನು ಬೇರೆ ಪುಟದಲ್ಲಿ, ಬೇರೆ ದಿನ ಬರೆಯುವುದು ಒಳ್ಳೆಯದು.

ಬಹುಪಾಲು ಮೃತ್ಯುಪತ್ರಗಳು ಬರೆಸಿದವರ ಕೈಬರಹದಲ್ಲಿ ಇರುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಊರ ಕುಲಕರ್ಣಿ, ಶಾಲೆಯ ಮಾಸ್ತರ, ಕಚೇರಿಯ ಹತ್ತಿರ ಕುಳಿತು ದಸ್ತೈವಜು ಬರೆಯುವವರು ಇವರಲ್ಲೊಬ್ಬರು ಬರೆದಿರುತ್ತಾರೆ, ಕೊನೆಯಲ್ಲಿ ‘ಬರೆದವನ ಸಹಿ’ ಅಥವಾ ‘ಬಿಕಲಂ’ ಎಂದು ಅವರ ಹೆಸರಿರುತ್ತದೆ. ಅದೇ ಕುಲಕರ್ಣಿಯ ಕೈಬರಹದ ಬೇರೆ ಕಾಗದಗಳು ಅದೇ ಗಂಟಿನಲ್ಲಿಯೋ ನೆರೆಮನೆಯಲ್ಲಿಯೋ ಸಿಕ್ಕರೆ ನಿಮ್ಮ ಅರ್ಧ ಕೆಲಸ ಹಗುರವಾದಂತೆ.

ಬರೆದವನ ಅಕ್ಷರಮಾಲೆ

ಪ್ರತಿಯೊಬ್ಬ ಬರಹಗಾರನಿಗೂ ತನ್ನದೇ ಅಕ್ಷರಗಳಿರುತ್ತವೆ, ಆದ್ದರಿಂದ ಆ ಕಾಗದದಿಂದಲೇ ಒಂದು ಅಕ್ಷರಪಟ್ಟಿಯನ್ನು ತಯಾರಿಸಿಕೊಳ್ಳಬೇಕು. ಅದಕ್ಕೆ ಆರಂಭ ಎಲ್ಲಿಂದ ಎಂದರೆ ಖಚಿತವಾಗಿ ಗೊತ್ತಿರುವ ಪದಗಳಿಂದ. ಮೃತ್ಯುಪತ್ರ ಎಂಬ ತಲೆಬರಹ, ಊರಿನ ಹೆಸರು, ತಾಲೂಕಿನ ಹೆಸರು, ಸಂವತ್ಸರ, ತಿಂಗಳು ಇವು ಸಾಮಾನ್ಯವಾಗಿ ಮೊದಲ ಐದಾರು ಸಾಲುಗಳಲ್ಲಿಯೇ ಬರುತ್ತವೆ. ‘ಧಾರವಾಡ’ ಎಂಬ ಒಂದು ಪದದಿಂದಲೇ ಧ, ರ, ವ, ಡ ನಾಲ್ಕು ಅಕ್ಷರಗಳೂ ದೀರ್ಘದ ಗುರುತೂ ದೊರೆಯುತ್ತವೆ. ಹೀಗೆ ಸಿಕ್ಕ ಅಕ್ಷರಗಳನ್ನು ಚಿತ್ರದಿಂದ ಕತ್ತರಿಸಿ ಒಂದು ಹಾಳೆಯಲ್ಲಿ ಕ್ರಮವಾಗಿ ಜೋಡಿಸಿಕೊಂಡು, ಗೊತ್ತಿಲ್ಲದ ಪದ ಬಂದಾಗ ಒಂದೊಂದು ಅಕ್ಷರವನ್ನೂ ಆ ಹಾಳೆಯೊಂದಿಗೆ ಹೋಲಿಸಿ ನೋಡಬೇಕು.

ಎರಡನೆಯ ಆಧಾರ ಪಾಠದ ರೂಢಿ. ಇಂಥ ಪತ್ರಗಳಲ್ಲಿ ಆರಂಭದ ಮಾತು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ: ತನಗೆ ವಯಸ್ಸಾಗಿದೆ, ಪ್ರಕೃತಿ ಸ್ವಸ್ಥವಿಲ್ಲ, ದೇಹವು ಅಶಾಶ್ವತ, ತನ್ನ ಪಶ್ಚಾತ್ ಮಕ್ಕಳಲ್ಲಿ ತಂಟೆಗಳಾಗಬಾರದು, ಆದ್ದರಿಂದ ಪೂರ್ಣ ಎಚ್ಚರದಲ್ಲಿ ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಬರೆದಿಟ್ಟದ್ದು ಎಂಬ ಅರ್ಥದ ವಾಕ್ಯಗಳು ಒಂದಾದ ಮೇಲೊಂದು ಬರುತ್ತವೆ. ಈ ಭಾಗ ಮನೆತನದ ಇತಿಹಾಸಕ್ಕೆ ಹೆಚ್ಚೇನೂ ಹೇಳದಿದ್ದರೂ, ಅಕ್ಷರ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಇದನ್ನು ಹಾರಿಸಿ ನೇರವಾಗಿ ಆಸ್ತಿಯ ವಿವರಕ್ಕೆ ಹೋಗುವವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಓಡುಬರಹದ ಹಳೆಯ ಕನ್ನಡದಲ್ಲಿ ಕೆಲವು ಗೊಂದಲಗಳು ಮತ್ತೆ ಮತ್ತೆ ಎದುರಾಗುತ್ತವೆ. ತಲೆಕಟ್ಟು ಹಾಕದೆ ಬರೆದಾಗ ಪ ಮತ್ತು ವ ಒಂದೇ ಆಗಿ ಕಾಣುತ್ತವೆ. ಮ, ಯ, ವು ಮೂರೂ ಕೊನೆಯ ಕೊಂಕಿನ ಮೇಲೆ ನಿಂತಿರುವುದರಿಂದ ಅವಸರದ ಬರಹದಲ್ಲಿ ಬೆರೆತುಹೋಗುತ್ತವೆ. ಮಹಾಪ್ರಾಣವನ್ನು ತೋರಿಸುವ ಅಡಿಯ ಗೀಟನ್ನು ಬಿಡುವುದು ಸಾಮಾನ್ಯವಾದ್ದರಿಂದ ಧಾರವಾಡವು ‘ದಾರವಾಡ’, ಭೀಮಪ್ಪನು ‘ಬೀಮಪ್ಪ’ ಆಗುತ್ತಾರೆ. ಎ-ಏ, ಒ-ಓಗಳ ಭೇದವನ್ನು ಅನೇಕರು ಪಾಲಿಸುವುದಿಲ್ಲ. ಶ, ಷ, ಸ ಒಂದರ ಜಾಗದಲ್ಲಿ ಇನ್ನೊಂದು ಬರುತ್ತದೆ. ಒತ್ತಕ್ಷರವು ಕೆಳಗಿನ ಸಾಲಿನ ಅಕ್ಷರದ ತಲೆಗೆ ತಾಗಿ ಅದರ ಭಾಗವೆಂಬಂತೆ ತೋರುತ್ತದೆ, ಕೆಲವೊಮ್ಮೆ ಒತ್ತಕ್ಷರವೇ ಇರುವುದಿಲ್ಲ. ಪದದ ಮೊದಲಿನ ಸ್ವರಕ್ಕೆ ಯಕಾರ, ವಕಾರಗಳು ಸೇರಿ ‘ಯೀ’, ‘ಯೆರಡು’, ‘ವೊಂದು’, ‘ವೂರು’ ಎಂದಿರುತ್ತದೆ. ಪದಗಳ ನಡುವೆ ಜಾಗವಾಗಲಿ, ವಾಕ್ಯದ ಕೊನೆಗೆ ಪೂರ್ಣವಿರಾಮವಾಗಲಿ ಇರುವುದಿಲ್ಲ. ಆದ್ದರಿಂದ ‘ಯೀ ಮ್ರುತ್ಯುಪತ್ರ ಬರದುಯಿಟ್ಟ ಕಾರಣಯೇನಂದರೆ’ ಎಂಬಂಥ ಸಾಲು ಎದುರಾದರೆ ಬರೆದವನು ಅರೆಕಲಿತವನು ಎಂದು ತೀರ್ಮಾನಿಸಬೇಡಿ. ಅದು ಆ ಕಾಲದ ಬರಹದ ರೂಢಿ, ಮತ್ತು ಸಾಲನ್ನು ಗಟ್ಟಿಯಾಗಿ ಓದಿದ ಕೂಡಲೇ ಅದು ನಮ್ಮ ಸೀಮೆಯ ಆಡುಮಾತಾಗಿ ಕಿವಿಗೆ ಬೀಳುತ್ತದೆ. ಕಣ್ಣಿಗೆ ಬಿಡಿಸಲಾಗದ ಅನೇಕ ಪದಗಳು ಬಾಯಿಯಿಂದ ಬಿಡಿಸಿಕೊಳ್ಳುತ್ತವೆ, ಆದ್ದರಿಂದ ಮನೆಯ ಹಿರಿಯರೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಗಟ್ಟಿಯಾಗಿ ಓದುವುದು ಉತ್ತಮ.

ಸಂಕ್ಷೇಪಗಳನ್ನು ಎರಡು ನಿಂತ ಗೀಟುಗಳಿಂದ ತೋರಿಸುತ್ತಾರೆ. ‘ಸಾ|| ಅಣ್ಣಿಗೇರಿ ತಾ|| ನವಲಗುಂದ’ ಎಂದರೆ ನವಲಗುಂದ ತಾಲೂಕಿನ ಅಣ್ಣಿಗೇರಿಯಲ್ಲಿ ವಾಸಿಸುವವನು ಎಂದರ್ಥ, ಇಲ್ಲಿ ‘ಸಾ’ ಎಂಬುದು ಸಾಕೀನ. ‘ತಾ||’ ಎಂಬುದೇ ಬೇರೆ ಕಡೆ ತಾರೀಖು ಆಗಿರುತ್ತದೆ. ಬಿನ್ ಎಂದರೆ ಇಂಥವರ ಮಗ, ಕೋಂ ಎಂದರೆ ಇಂಥವರ ಹೆಂಡತಿ. ಸದರೀ, ಮಜಕೂರ ಎಂದರೆ ಮೇಲೆ ಹೇಳಿದ. ಹಯಾತ ಎಂದರೆ ಬದುಕಿರುವವರೆಗಿನ ಕಾಲ, ಮಯತ ಎಂದರೆ ತೀರಿಹೋದ. ವಹಿವಾಟು ಎಂದರೆ ಆಸ್ತಿಯ ಅನುಭೋಗ. ಇವುಗಳಲ್ಲಿ ಮಯತ ಎಂಬ ಪದವನ್ನು ಎಂದಿಗೂ ತಪ್ಪಿಸಿಕೊಳ್ಳಬೇಡಿ, ಒಬ್ಬ ವ್ಯಕ್ತಿ ಆ ತಾರೀಖಿನ ಮೊದಲೇ ತೀರಿಕೊಂಡಿದ್ದ ಎಂಬುದಕ್ಕೆ ಅನೇಕ ವೇಳೆ ಅದೊಂದೇ ಪುರಾವೆಯಾಗಿರುತ್ತದೆ.

ತಾಲೂಕಿನ ಹೆಸರುಗಳಲ್ಲಿಯೂ ಎಚ್ಚರ ಬೇಕು. ಬ್ರಿಟಿಷ್ ಕಾಲದ ಧಾರವಾಡ ಜಿಲ್ಲೆಯಲ್ಲಿ ಕೋಡ ಎಂಬ ತಾಲೂಕಿತ್ತು, ಅದರ ಮುಖ್ಯ ಸ್ಥಳ ಹಿರೇಕೆರೂರು. ಕರಜಗಿ ತಾಲೂಕಿನ ಕಚೇರಿ ಹಾವೇರಿಯಲ್ಲಿಯೂ ಬಂಕಾಪುರ ತಾಲೂಕಿನದು ಶಿಗ್ಗಾವಿಯಲ್ಲಿಯೂ ಇದ್ದವು. ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜಕ್ಕೆ, ಶಿರಹಟ್ಟಿ ಸಾಂಗಲಿಗೆ ಸೇರಿದ್ದವು, ಸವಣೂರಿಗೆ ನವಾಬರ ಆಡಳಿತವಿತ್ತು. 1948ರಲ್ಲಿ ಇವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅಲ್ಲಿನ ಕಚೇರಿ, ಮುದ್ರೆ, ಸ್ಟ್ಯಾಂಪ್ ಎಲ್ಲವೂ ಬೇರೆ. ಊರು ಹುಬ್ಬಳ್ಳಿಯಿಂದ ಹತ್ತು ಹರದಾರಿಯೊಳಗೆ ಇದ್ದರೂ ದಾಖಲೆ ಹುಬ್ಬಳ್ಳಿಯಲ್ಲಿ ಸಿಗಲಿಕ್ಕಿಲ್ಲ.

ಮೋಡಿಯಲ್ಲಿ ಬರೆದಿದ್ದರೆ

ನಮ್ಮಲ್ಲಿ ಓದಲಾಗದ ಓಡುಬರಹದ ಕನ್ನಡವನ್ನೂ ಮೋಡಿ ಎನ್ನುವ ರೂಢಿಯಿದೆ, ಆದರೆ ಇಲ್ಲಿ ಹೇಳುತ್ತಿರುವುದು ಮರಾಠಿಯ ಮೋಡಿ ಲಿಪಿ. ಪುಟದ ಅಡ್ಡಗಲಕ್ಕೂ ಮೊದಲೇ ಒಂದು ಉದ್ದ ಗೆರೆ ಎಳೆದು, ಅದಕ್ಕೆ ತೂಗುಹಾಕಿದಂತೆ ಲೇಖನಿ ಎತ್ತದೆ ಬರೆದ ಅಕ್ಷರಗಳಿದ್ದರೆ ಅದು ಮೋಡಿ ಎಂದು ಗುರುತಿಸಬಹುದು. ಪೇಶವೆಯರ ಆಳಿಕೆ ಮುಗಿದ 1818ರ ನಂತರವೂ ನಮ್ಮ ಸೀಮೆಯ ಕುಲಕರ್ಣಿ, ದೇಸಾಯಿ, ಸಾಹುಕಾರ ಮನೆತನಗಳಲ್ಲಿ ಇದರ ಬಳಕೆ ಬಹುಕಾಲ ಉಳಿದಿತ್ತು. ಈ ಲಿಪಿಯಲ್ಲಿ ಇ-ಈ, ಉ-ಊಗಳ ಭೇದವಿಲ್ಲ, ಪದಗಳ ನಡುವೆ ಬಿಡುವಿಲ್ಲ. ಮರಾಠಿ ತಿಳಿಯದವರು ಇದನ್ನು ತಾವೇ ಓದಲು ಹೊರಡುವುದಕ್ಕಿಂತ ಬಲ್ಲವರ ಹತ್ತಿರ ಹೋಗುವುದೇ ಸರಿ. ಆದರೆ ಹೋಗುವ ಮೊದಲು ಅಂಕಿಗಳನ್ನೂ ಸಹಿಗಳನ್ನೂ ಗುರುತಿಸಿಕೊಳ್ಳಿ, ಏಕೆಂದರೆ ಮೋಡಿ ಪತ್ರದ ಕೆಳಗೆ ಸಾಕ್ಷಿಗಳ ಸಹಿ ಕನ್ನಡದಲ್ಲಿರುವುದು ವಿರಳವಲ್ಲ. ಕಲಿಯುವ ಮನಸ್ಸಿದ್ದವರಿಗೆ ಈಗ ದಾರಿ ಸುಲಭವಾಗಿದೆ: 2014ರಿಂದ ಮೋಡಿ ಲಿಪಿಗೆ ಯೂನಿಕೋಡ್‌ನಲ್ಲಿ ಸ್ಥಾನವಿದ್ದು ಉಚಿತ ಅಕ್ಷರವಿನ್ಯಾಸಗಳು ದೊರೆಯುತ್ತವೆ. ಸವಣೂರು, ಬಂಕಾಪುರದ ಕಡೆಯ ಮುಸಲ್ಮಾನ ಮನೆತನಗಳ ವಸಿಯತನಾಮೆಗಳು ಉರ್ದುವಿನಲ್ಲಿರಬಹುದು, ಅವಕ್ಕೂ ಇದೇ ಮಾತು ಅನ್ವಯಿಸುತ್ತದೆ.

ತಾರೀಖನ್ನು ಬಿಡಿಸುವುದು

ಶಾಲಿವಾಹನ ಶಕೆಗೆ 78 ಕೂಡಿಸಿದರೆ ಇಸವಿ ಸಿಗುತ್ತದೆ, ಜನವರಿ ಒಂದರಿಂದ ಯುಗಾದಿಯ ಹಿಂದಿನ ದಿನದವರೆಗಿನ ತಾರೀಖಾದರೆ 79 ಕೂಡಿಸಬೇಕು. ಅಂಕಿ ಮಾಸಿದ್ದರೆ ಸಂವತ್ಸರದ ಹೆಸರು ನೆರವಿಗೆ ಬರುತ್ತದೆ. ಅರವತ್ತು ವರ್ಷಗಳ ಚಕ್ರದಲ್ಲಿ ಪ್ರಭವ ಸಂವತ್ಸರ 1867, 1927, 1987ರ ಯುಗಾದಿಗಳಂದು ಆರಂಭವಾಯಿತು ಎಂಬುದನ್ನು ನೆನಪಿಟ್ಟುಕೊಂಡು ಅಲ್ಲಿಂದ ಎಣಿಸಬೇಕು. ಉದಾಹರಣೆಗೆ ‘ಶಕೆ ೧೮೪೦ ಕಾಳಯುಕ್ತಿ ನಾಮ ಸಂವತ್ಸರ ಆಶ್ವಿನ ಬಹುಳ’ ಎಂದಿದ್ದರೆ ಅದು 1918ರ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ದಿನಗಳು. ಕಾಳಯುಕ್ತಿ 52ನೆಯ ಸಂವತ್ಸರವಾದ್ದರಿಂದ 1867ಕ್ಕೆ 51 ಕೂಡಿಸಿದರೆ ಅದೇ ವರ್ಷ ಬರುತ್ತದೆ, ಎರಡು ಲೆಕ್ಕಗಳೂ ತಾಳೆಯಾದಂತಾಯಿತು. ಇನ್‌ಫ್ಲುಯೆಂಜಾ ಜ್ವರ ದೇಶವನ್ನೆಲ್ಲ ಹಣ್ಣುಮಾಡಿದ ದಿನಗಳು ಅವು. ಹಾಗೆಯೇ 1898ರ ಆಸುಪಾಸಿನಲ್ಲಿ ಹುಬ್ಬಳ್ಳಿ-ಧಾರವಾಡಗಳನ್ನು ಪ್ಲೇಗು ಕಾಡಿತ್ತು. ಇಂಥ ವರ್ಷಗಳಲ್ಲಿ ನಡುವಯಸ್ಸಿನವರು ಬರೆಸಿದ ಮೃತ್ಯುಪತ್ರ ಸಿಕ್ಕರೆ, ಅದೇ ಮನೆಯಲ್ಲಿ ಅದೇ ವರ್ಷ ಬೇರೆ ಸಾವುಗಳಾಗಿವೆಯೇ ಎಂದು ಹುಡುಕಬೇಕು.

ಫಸಲಿ ಸನಕ್ಕೆ, ಅಂದರೆ ಕಂದಾಯದ ಲೆಕ್ಕದ ವರ್ಷಕ್ಕೆ, ಜೂನಿನಿಂದ ಡಿಸೆಂಬರವರೆಗೆ 590, ಜನವರಿಯಿಂದ ಮೇವರೆಗೆ 591 ಕೂಡಿಸಬೇಕು. ಇನ್ನೂ ಹಳೆಯ ಮೋಡಿ ಕಾಗದಗಳಲ್ಲಿ ಶುಹೂರ ಸನ ಎಂಬ ಇನ್ನೊಂದು ವರ್ಷಗಣನೆ ಬರುತ್ತದೆ, ಅದಕ್ಕೆ 599 ಅಥವಾ 600. ಎರಡೂ ವರ್ಷಗಳು ಮೃಗಶಿರಾ ಮಳೆ ಹೂಡುವ ಸಮಯಕ್ಕೆ, ಜೂನ್ ಮೊದಲ ವಾರದ ಸುಮಾರಿಗೆ ಬದಲಾಗುತ್ತವೆ. ವಾರದ ಹೆಸರುಗಳು ಸಂಸ್ಕೃತದಲ್ಲಿದ್ದರೆ ಇಂದುವಾಸರ ಸೋಮವಾರ, ಭೌಮವಾಸರ ಮಂಗಳವಾರ, ಸೌಮ್ಯವಾಸರ ಬುಧವಾರ, ಭೃಗುವಾಸರ ಶುಕ್ರವಾರ, ಸ್ಥಿರವಾಸರ ಶನಿವಾರ. ತಿಥಿ, ವಾರ, ಇಂಗ್ಲಿಷ್ ತಾರೀಖು ಮೂರನ್ನೂ ಕೊಟ್ಟಿದ್ದಲ್ಲಿ ಹಳೆಯ ಪಂಚಾಂಗದೊಡನೆ ತಾಳೆ ನೋಡಿದರೆ ನಿಮ್ಮ ಅಂಕಿಯ ಓದು ಸರಿಯೋ ತಪ್ಪೋ ಎಂಬುದು ನಿಶ್ಚಯವಾಗುತ್ತದೆ. ಕನ್ನಡದ ೬ ಮತ್ತು ೯, ೧ ಮತ್ತು ೦ ಇವುಗಳ ಗೊಂದಲವನ್ನು ಬಿಡಿಸಲು ಇದೇ ಖಚಿತವಾದ ದಾರಿ.

ಹಣ, ಭೂಮಿ, ಒಡವೆ

ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂಕಿಯ ಮುಂದೆ ನಿಂತ ಗೀಟು ಒಂದಿದ್ದರೆ ಕಾಲು, ಎರಡಿದ್ದರೆ ಅರ್ಧ, ಮೂರಿದ್ದರೆ ಮುಕ್ಕಾಲು ಎಂದು ಓದಬೇಕೇ ಹೊರತು ಅದನ್ನು 1, 11, 111 ಎಂದು ಓದಬಾರದು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ, ಆದ್ದರಿಂದ ಆಣೆ ಎಂಬ ಪದ ಹಣದ ಲೆಕ್ಕದಲ್ಲಿಯೂ ಭೂಮಿಯ ಲೆಕ್ಕದಲ್ಲಿಯೂ ಬರುತ್ತದೆ. ‘ಎಂಟಾಣೆ ಹಿಸ್ಸೆ’ ಎಂದರೆ ಇವೆರಡೂ ಅಲ್ಲ, ಒಟ್ಟು ಆಸ್ತಿಯ ಅರ್ಧ ಪಾಲು. ‘ರಿ.ಸ.ನಂ. ೪೫ ಪೈಕಿ’ ಎಂದಿದ್ದರೆ ಆ ರಿವಿಜನ್ ಸರ್ವೆ ನಂಬರಿನ ಒಂದು ಭಾಗ ಮಾತ್ರ. ಧಾರವಾಡ ಜಿಲ್ಲೆಯ ಮೊದಲ ಸರ್ವೆ 1840ರ ದಶಕದಲ್ಲಿ ಆರಂಭವಾಗಿ ಮುಂದೆ ಪುನಃ ಸರ್ವೆಯಾದ್ದರಿಂದ ಹಳೆಯ ನಂಬರು, ಹೊಸ ನಂಬರು ಬೇರೆ ಬೇರೆಯಾಗಿರಬಹುದು. ನಂಬರು ಹೊಂದದಿದ್ದರೆ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನು, ಹಿಡಿಯಿರಿ. ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಊರ ದಾರಿ ಎಂಬಂಥ ಮಾತುಗಳು ಹೊಲವನ್ನು ಗುರುತಿಸುವುದರ ಜೊತೆಗೆ ಆ ಕಾಲದ ನೆರೆಯವರ ಹೆಸರನ್ನೂ ಕೊಡುತ್ತವೆ, ಆ ನೆರೆಯವರು ಬಹಳ ಸಲ ಒಂದೇ ಮನೆತನದ ಒಡೆದ ಕವಲುಗಳಾಗಿರುತ್ತಾರೆ.

ಒಡವೆಗಳ ಯಾದಿಯನ್ನು ಅಲಕ್ಷ್ಯ ಮಾಡಬಾರದು. ಬೋರಮಾಳ, ಸರಿಗೆ, ಪಾಟ್ಲಿ, ಬಿಲ್ವರ, ಬುಗುಡಿ, ಡಾಬು, ವಂಕಿ ಎಂಬ ಹೆಸರುಗಳು ತೊಲಿ, ಮಾಸಿ, ಗುಂಜಿಗಳ ತೂಕದೊಡನೆ ಬರುತ್ತವೆ. ತೊಲಿಗೆ 12 ಮಾಸಿ, ಮಾಸಿಗೆ 8 ಗುಂಜಿ. ಹೊಲದ ವಿವರದಲ್ಲಿ ಗಂಡಸರ ಹೆಸರುಗಳೇ ತುಂಬಿರುವಾಗ, ಹೆಣ್ಣುಮಕ್ಕಳು, ಸೊಸೆಯಂದಿರು, ವಿಧವೆಯಾಗಿ ತವರಿಗೆ ಮರಳಿದ ತಂಗಿ ಇವರ ಹೆಸರು ಸಿಗುವುದು ಈ ಯಾದಿಯಲ್ಲಿ. ವಂಶಾವಳಿಗಳಲ್ಲಿ ಹೆಸರಿಲ್ಲದೆ ಉಳಿದ ಎಷ್ಟೋ ಹೆಣ್ಣುಮಕ್ಕಳು ಮೃತ್ಯುಪತ್ರದಲ್ಲಿ ಒಂದು ಜೊತೆ ಪಾಟ್ಲಿಯ ಪಕ್ಕದಲ್ಲಿ ಹೆಸರುಪಡೆದು ನಿಂತಿರುತ್ತಾರೆ. ಆ ಹೆಸರುಗಳನ್ನು ಮೊಟ್ಟಮೊದಲು ನಕಲಿಸಿಕೊಳ್ಳಿ.

ಯಾರು ಯಾರಿಗೆ ಏನಾಗಬೇಕು

ನಮ್ಮ ಸೀಮೆಯಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ವಾಡಿಕೆಯಿರುವುದರಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳುತ್ತದೆ. ಆದ್ದರಿಂದ ಬರಿಯ ಹೆಸರನ್ನು ನಂಬದೆ, ತಂದೆಯ ಹೆಸರು, ವಯಸ್ಸು, ಧಂದೆ, ಊರು ಇಷ್ಟನ್ನೂ ಕೂಡಿಸಿಯೇ ಒಬ್ಬ ವ್ಯಕ್ತಿಯನ್ನು ಗುರುತಿಸಬೇಕು. ಅಡ್ಡಹೆಸರು ಒಂದೇ ಮನೆತನದಲ್ಲಿ ಬದಲಾದದ್ದುಂಟು: ಊರು ಬಿಟ್ಟು ಬಂದವರು ಹಳೆಯ ಊರಿನ ಹೆಸರನ್ನೋ ಹಿಡಿದ ಉದ್ಯೋಗದ ಹೆಸರನ್ನೋ ಇಟ್ಟುಕೊಂಡಿರುತ್ತಾರೆ.

ಸಂಬಂಧವಾಚಕ ಪದಗಳಲ್ಲಿ ‘ಅಳಿಯ’ ಎಂಬುದು ಮಗಳ ಗಂಡನೂ ಆಗಬಹುದು, ಅಕ್ಕ-ತಂಗಿಯ ಮಗನೂ ಆಗಬಹುದು. ಅಕ್ಕ-ತಂಗಿಯ ಮಗನಿಗೆ ಮಗಳನ್ನು ಕೊಡುವ ನಮ್ಮಲ್ಲಿ ಒಬ್ಬನೇ ಎರಡೂ ಆಗಿರುವುದು ಅಸಾಧಾರಣವಲ್ಲ. ‘ಅಣ್ಣತಮ್ಮ’ ಎಂಬುದನ್ನು ಒಡಹುಟ್ಟಿದವರಿಗೆ ಮಾತ್ರವಲ್ಲದೆ ಒಂದೇ ಬಳಿಯ (ಕುಲದ) ಭಾಗದವರಿಗೂ ಬಳಸುತ್ತಾರೆ. ‘ಅಜ್ಞಾನ ಮಗ’ ಎಂದರೆ ವಯಸ್ಸಿಗೆ ಬಾರದ ಮಗ ಎಂದಷ್ಟೇ ಅರ್ಥ, ಅವನ ಪರವಾಗಿ ಪಾಲಕರ ಹೆಸರೂ ಅಲ್ಲಿಯೇ ಇರುತ್ತದೆ. ‘ಉಡಿಕೆ’ ಎಂಬ ಪದ ಬಂದರೆ ಅದು ವಿಧವೆಯ ಅಥವಾ ಗಂಡನನ್ನು ಬಿಟ್ಟವಳ ಮರುಮದುವೆ, ಹಾಗಿದ್ದಾಗ ಹಿಂದಿನ ಮದುವೆಯ ಮಕ್ಕಳು ಬೇರೆ ಮನೆತನಕ್ಕೆ ಸೇರಿರುತ್ತಾರೆ. ಇಂಥ ಸಂಗತಿಗಳನ್ನು ಮುಚ್ಚಿಡುವ ಆಸೆ ಇಂದಿನ ಕುಟುಂಬದವರಿಗೆ ಬರಬಹುದು. ಬರೆಸಿದ ಹಿರಿಯರು ಹತ್ತು ಜನರ ಮುಂದೆ ನೇರವಾಗಿ ಹೇಳಿದ ಮಾತನ್ನು ನಾವು ಮರೆಮಾಡುವುದು ಅವರಿಗೆ ತೋರುವ ಗೌರವವಲ್ಲ ಎಂದು ನಾನು ತಿಳಿದಿದ್ದೇನೆ.

ಸಹಿಗಳ ಭಾಗವನ್ನೂ ಇದೇ ಕಣ್ಣಿನಿಂದ ನೋಡಬೇಕು. ಓದುಬರಹ ಬಾರದ ಒಕ್ಕಲಿಗರು ನೇಗಿಲಿನ ನಿಶಾನಿಯನ್ನೂ ಹೆಣ್ಣುಮಕ್ಕಳು ಬಳೆಯ ನಿಶಾನಿಯನ್ನೂ ಹಾಕುತ್ತಿದ್ದರು, ಮುಂದೆ ಹೆಬ್ಬೆಟ್ಟು ಬಂದಿತು. ಸಾಕ್ಷಿ ಹಾಕಿದವರಲ್ಲಿ ಹೆಂಡತಿಯ ತವರಿನವರು, ಸೋದರಮಾವಂದಿರು ಇರುವುದು ಹೆಚ್ಚು. ಪರ ಊರಿನ ಸಾಕ್ಷಿಯೊಬ್ಬರಿದ್ದರೆ ಆ ಊರಿನೊಡನೆ ಯಾವ ನಂಟು ಎಂದು ವಿಚಾರಿಸಬೇಕು. ಮಠಕ್ಕೋ ಗುಡಿಗೋ ಬಿಟ್ಟ ದಾನವಿದ್ದರೆ ಆ ಹೆಸರು ಮನೆತನದ ಗುರುಪರಂಪರೆಯನ್ನೂ ಮನೆದೇವರನ್ನೂ ತಿಳಿಸುತ್ತದೆ.

ಕಾಯದೆ ಗೊತ್ತಿದ್ದರೆ ತಪ್ಪು ಅರ್ಥ ತಪ್ಪುತ್ತದೆ

ಅವಿಭಕ್ತ ಹಿಂದೂ ಕುಟುಂಬದ ಸದಸ್ಯನು ಪಿತ್ರಾರ್ಜಿತ ಆಸ್ತಿಯಲ್ಲಿನ ತನ್ನ ಅವಿಭಕ್ತ ಪಾಲನ್ನು ಮೃತ್ಯುಪತ್ರದಿಂದ ಕೊಡಲು 1956ರ ಹಿಂದೂ ಉತ್ತರಾಧಿಕಾರ ಕಾಯದೆ ಬರುವವರೆಗೆ ಅವಕಾಶವಿರಲಿಲ್ಲ. ಹಳೆಯ ಪತ್ರಗಳು ‘ಇದು ನನ್ನ ಸ್ವಯಾರ್ಜಿತ’ ಎಂದು ಮತ್ತೆ ಮತ್ತೆ ಹೇಳುವುದಕ್ಕೆ ಇದೇ ಕಾರಣ. ಹಿರಿಯ ಮಗನ ಹೆಸರು ಮೃತ್ಯುಪತ್ರದಲ್ಲಿ ಇಲ್ಲದಿದ್ದರೆ ಅವನನ್ನು ತಂದೆ ಹೊರಹಾಕಿದನೆಂದು ತಿಳಿಯುವುದು ಅವಸರದ ತೀರ್ಮಾನ, ಏಕೆಂದರೆ ಅವನು ಮೊದಲೇ ವಾಟ್ನಿ ಪಡೆದು ಬೇರೆಯಾಗಿರಬಹುದು, ಅಥವಾ ಪಿತ್ರಾರ್ಜಿತ ಹೊಲ ಅವನಿಗೆ ತಾನಾಗಿಯೇ ಬರುವಂತಿರಬಹುದು.

ಮುಂಬಯಿ ಪ್ರಾಂತದ ರೂಢಿಯಲ್ಲಿ ವಿಧವೆಯು, ಗಂಡ ಬೇಡವೆಂದು ಹೇಳಿರದಿದ್ದರೆ, ಅವನ ಅಪ್ಪಣೆಯಿಲ್ಲದೆಯೂ ದತ್ತಕ ತೆಗೆದುಕೊಳ್ಳಬಹುದಾಗಿತ್ತು. ಆದ್ದರಿಂದ ‘ನನ್ನ ಪಶ್ಚಾತ್ ದತ್ತಕ ತೆಗೆದುಕೊಳ್ಳತಕ್ಕದ್ದು’ ಅಥವಾ ‘ತೆಗೆದುಕೊಳ್ಳಬಾರದು’ ಎಂಬ ವಾಕ್ಯ ಸಿಕ್ಕರೆ ಅಲ್ಲಿ ನಿಂತು ನಿಧಾನವಾಗಿ ಓದಬೇಕು. ಕೊನೆಯ ಒಂದು ಅಕ್ಷರದ ಓದು ತಪ್ಪಿದರೆ ಇಡೀ ವಂಶವೃಕ್ಷ ಬೇರೆ ಕವಲಿಗೆ ಹೋಗುತ್ತದೆ.

ಹಿಂದೂಗಳ ಮೃತ್ಯುಪತ್ರಕ್ಕೆ ನಮ್ಮ ಭಾಗದಲ್ಲಿ ಸಹಿ ಮತ್ತು ಇಬ್ಬರು ಸಾಕ್ಷಿಗಳು ಕಡ್ಡಾಯವಾದದ್ದು 1927ರ ಜನವರಿ 1ರಿಂದ ಈಚೆಗೆ ಬರೆದವುಗಳಿಗೆ. ಅದಕ್ಕೂ ಹಿಂದಿನ ಪತ್ರದಲ್ಲಿ ಸಾಕ್ಷಿಗಳಿಲ್ಲವೆಂದು ಅದನ್ನು ಖೊಟ್ಟಿ ಎಂದು ಬದಿಗಿಡಬೇಕಾಗಿಲ್ಲ. ಮುಸಲ್ಮಾನರಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಆಸ್ತಿಯನ್ನು ವಸಿಯತ್ತಿನಿಂದ ಕೊಡುವಂತಿಲ್ಲ, ಆದ್ದರಿಂದ ಅಲ್ಲಿ ಕಾಣುವುದು ಆಸ್ತಿಯ ಒಂದು ಭಾಗವಾಗಿರಬಹುದು.

ಕಚೇರಿಯ ಪ್ರತಿ ಮತ್ತು ಇತರ ದಾಖಲೆಗಳು

ಮನೆಯ ಪ್ರತಿ ಹರಿದಿದ್ದರೆ, ಅದು ನೋಂದಣಿಯಾಗಿದ್ದ ಪಕ್ಷದಲ್ಲಿ ಇನ್ನೊಂದು ಪ್ರತಿಯನ್ನು ಪಡೆಯುವ ದಾರಿಯುಂಟು. ಮೃತ್ಯುಪತ್ರದ ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದ್ದರೆ 1908ರ ನೋಂದಣಿ ಕಾಯದೆಯ ಪ್ರಕಾರ ಅದು 3ನೆಯ ನಂಬರಿನ ಪುಸ್ತಕದಲ್ಲಿ ನಕಲಾಗಿರುತ್ತದೆ. ಅದೇ ಪುಸ್ತಕದಲ್ಲಿ ದತ್ತಕದ ಅಧಿಕಾರಪತ್ರಗಳೂ ಇರುತ್ತವೆ. ಬರೆಸಿದವರು ತೀರಿಕೊಂಡ ಮೇಲೆ ಆ ಪುಸ್ತಕದ ನಕಲನ್ನು ಅರ್ಜಿ ಹಾಕಿದ ಯಾರಿಗಾದರೂ ಕೊಡಬೇಕೆಂದು ಕಾಯದೆಯ 57ನೆಯ ಕಲಮು ಹೇಳುತ್ತದೆ. ಹಿಂಬದಿಯ ಷರಾದಲ್ಲಿ ಪುಸ್ತಕ, ಸಂಪುಟ, ಪುಟ, ಅನುಕ್ರಮ ನಂಬರುಗಳಿದ್ದರೆ ಅವನ್ನೇ ಅರ್ಜಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ಹೆಸರಿನ ಸೂಚಿಯಲ್ಲಿ ಹುಡುಕಿಸಬೇಕು, ಆಗ ಹೆಸರಿನ ಎಲ್ಲ ಸಂಭವನೀಯ ರೂಪಗಳನ್ನೂ ಕೊಡುವುದು ಅಗತ್ಯ.

ಪತ್ರ ಜಾರಿಗೆ ಬಂದಿತೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಹಕ್ಕುದಾಖಲೆಯಲ್ಲಿದೆ. ಮುಂಬಯಿ ಪ್ರಾಂತದಲ್ಲಿ 1903ರ ಕಾಯದೆಯಿಂದ ಹಕ್ಕುದಾಖಲೆಗಳ ವ್ಯವಸ್ಥೆ ಆರಂಭವಾಯಿತು, ಆ ನಂತರದ ಸಾವುಗಳಾದರೆ ತಹಶೀಲದಾರ ಕಚೇರಿಯಲ್ಲಿ ವಾರಸಾ ನೋಂದನ್ನು ಕೇಳಬೇಕು. ಅದರಲ್ಲಿ ತೀರಿಕೊಂಡ ತಾರೀಖು, ವಾರಸುದಾರರ ಹೆಸರು, ಕೆಲವೊಮ್ಮೆ ಅವರ ವಯಸ್ಸೂ ಇರುತ್ತದೆ. ಪಟ್ಟಣದ ಮನೆಗಳಿಗೆ ಸಿಟಿ ಸರ್ವೆ ಕಚೇರಿಯ ಉತಾರ (ದಾಖಲೆಯ ನಕಲು) ಕೇಳಬೇಕು. ಸಂಸ್ಥಾನ ಕಾಲದ ಮತ್ತು ಅದಕ್ಕೂ ಹಿಂದಿನ ಇನಾಮು, ವತನಗಳ ಸಂಗತಿಗೆ ಧಾರವಾಡದ ರಾಜ್ಯ ಪತ್ರಾಗಾರದ ಕಚೇರಿ, ಮುಂಬಯಿ ಮತ್ತು ಪುಣೆಯ ಪತ್ರಾಗಾರಗಳನ್ನು ನೋಡಬೇಕಾಗುತ್ತದೆ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದವರಾದ್ದರಿಂದ, ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಕ್ರೈಸ್ತ ಮನೆತನದವರು ಚರ್ಚಿನ ಜನನ, ಮದುವೆ, ಮರಣಗಳ ಪುಸ್ತಕಗಳನ್ನು ಮೊದಲು ವಿಚಾರಿಸಬೇಕು.

ಕಚೇರಿಯಿಂದ ನಕಲು ಬಂದ ಕೂಡಲೇ ಅದನ್ನೇ ಪ್ರಮಾಣವೆಂದು ಹಿಡಿಯಬೇಡಿ. ಪುಸ್ತಕದಲ್ಲಿರುವುದು ಅಂದಿನ ಗುಮಾಸ್ತ ಮೂಲವನ್ನು ನೋಡಿ ಬರೆದದ್ದು, ನಿಮಗೆ ಕೊಟ್ಟದ್ದು ಇಂದಿನವರು ಆ ಪುಸ್ತಕವನ್ನು ನೋಡಿ ತೆಗೆದ ಪ್ರತಿ. ಛಾಯಾಪ್ರತಿಯನ್ನು ಕೊಡುವುದಾದರೆ ಅದನ್ನೇ ಕೇಳಿ ಪಡೆಯಬೇಕು. ಆಮೇಲೆ ನಿಮ್ಮ ಸಾಲುನಕಲನ್ನು ಅದರ ಪಕ್ಕದಲ್ಲಿಟ್ಟು, ಎರಡರಲ್ಲಿ ಬೇರೆಯಾಗಿರುವ ಪ್ರತಿಯೊಂದು ಹೆಸರಿಗೂ ಅಂಕಿಗೂ ಗುರುತು ಹಾಕಿ, ಮೂಲದ ಚಿತ್ರವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಬೇಕು. ವಂಶಾವಳಿಯಲ್ಲಿ ಹೆಸರು ಬರೆಯುವಾಗ ಅದು ಯಾವ ಪ್ರತಿಯ ಎಷ್ಟನೆಯ ಸಾಲಿನದು ಎಂಬುದನ್ನು ಪಕ್ಕದಲ್ಲಿ ಸಣ್ಣದಾಗಿ ಕಾಣಿಸಿ, ಅನುಮಾನ ಉಳಿದ ಹೆಸರುಗಳಿಗೆ ನಕಲಿನಲ್ಲಿದ್ದ ಪ್ರಶ್ನೆಚಿಹ್ನೆಯನ್ನು ಹಾಗೆಯೇ ಇಡಬೇಕು.